ದೊಡ್ಡಮ್ಮ, ಅದಕ್ಕೆ ಫಾರ್ಮ್ಯಾಟ್ ಬೇಡ

ದೊಡ್ಡಮ್ಮ, ನೀವು ಬೆಳಿಗ್ಗೆ ಗ್ರೂಪಿಗೆ ಹಾಕಿದ ಫೋಟೊ ಈಗ ನೋಡಿದೆ. ನಿಮ್ಮ ವಿಂಡೋಸ್ 10 ಕಂಪ್ಯೂಟರಿನಲ್ಲಿ ಸ್ಟಾರ್ಟ್ ಮೆನು ತೆರೆದರೆ ಬರೀ ಗೇಮು, ಜಾಹೀರಾತು, ಗೊತ್ತಿಲ್ಲದ ಹೆಸರುಗಳು. ಮಹಿಳಾ ಸಂಘದ ವರದಿ ಟೈಪ್ ಮಾಡೋಣ ಅಂದರೆ ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶ ಎಲ್ಲಿದೆ ಅಂತ ಹುಡುಕೋದೇ ಒಂದು ಕೆಲಸ. ಅಂಗಡಿಗೆ ಕೊಟ್ಟು ಫಾರ್ಮ್ಯಾಟ್ ಮಾಡಿಸಲಾ, ಅಂದರೆ ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸಲಾ ಅಂತ ಕೇಳಿದ್ದೀರಿ.

ದಯವಿಟ್ಟು ಬೇಡ. ಇದೇ ಕಾರಣಕ್ಕೆ ನಾನು ಹಿಂದೆ ಒಂದು ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿಸಿದ್ದೆ. ಬ್ಯಾಕಪ್ ತೆಗೆದಿದ್ದೇವೆ ಅಂದರು, ತೆಗೆದಿರಲಿಲ್ಲ. ಅಜ್ಜಿಯ ಸಹಸ್ರಚಂದ್ರ ಶಾಂತಿಯ ಫೋಟೊಗಳು ಹಾಗೇ ಹೋದವು. ಆ ಸಂಕಟ ಇವತ್ತಿಗೂ ಇದೆ. ಅದಕ್ಕೇ ಇಷ್ಟು ಉದ್ದಕ್ಕೆ ಹೇಳುತ್ತಿದ್ದೇನೆ, ಸ್ವಲ್ಪ ಸಮಾಧಾನವಾಗಿ ಕೇಳಿ.

ಮೆನುವಿನಲ್ಲಿ ಕಾಣೋದು ಪ್ರೋಗ್ರಾಮ್ ಅಲ್ಲ, ಅದರ ಚೀಟಿ ಮಾತ್ರ. ನಿಮ್ಮ ನಾಗಂದಿಗೆಯ ಡಬ್ಬಿಗಳಿಗೆ ಹೆಸರು ಬರೆದು ಅಂಟಿಸಿದ್ದೀರಲ್ಲ, ಹಾಗೆ. ಚೀಟಿ ಕಿತ್ತರೆ ಒಳಗಿನ ಮೆಂತ್ಯ ಎಲ್ಲೂ ಹೋಗುವುದಿಲ್ಲ ಅಲ್ವಾ? ಆದ್ದರಿಂದ ಹೆದರದೆ ಕೈ ಹಾಕಿ.

ಒಂದೇ ಒಂದು ಕಡೆ ಹುಷಾರಾಗಿರಬೇಕು. ಮೆನುವಿನ ಬಲಗಡೆ ಚೌಕ ಚೌಕವಾಗಿ ಕಾಣೋದೇ ಟೈಲ್. ಬೇಡದ ಟೈಲ್ ಮೇಲೆ ಮೌಸಿನ ಬಲಗಡೆಯ ಬಟನ್ ಒತ್ತಿದರೆ ಪುಟ್ಟ ಪಟ್ಟಿ ಬರುತ್ತದೆ. ಮೇಲ್ಗಡೆ ‘ಅನ್‌ಪಿನ್ ಫ್ರಮ್ ಸ್ಟಾರ್ಟ್’ ಇರುತ್ತದೆ, ಕೆಳಗಡೆ ‘ಅನ್‌ಇನ್‌ಸ್ಟಾಲ್’. ಎರಡೂ ‘ಅನ್’ ಅಂತಲೇ ಶುರುವಾಗೋದರಿಂದ ಕಣ್ಣು ತಪ್ಪುತ್ತದೆ. ಅನ್‌ಪಿನ್ ಅಂದರೆ ಚೀಟಿ ಕೀಳೋದು. ಅನ್‌ಇನ್‌ಸ್ಟಾಲ್ ಅಂದರೆ ಡಬ್ಬಿಯನ್ನೇ ಎಸೆಯೋದು. ಆ ಗೇಮುಗಳಿಗೆ ಎರಡನೆಯದನ್ನೇ ಒತ್ತಿ, ಪರವಾಗಿಲ್ಲ. ಉಳಿದಿದ್ದಕ್ಕೆಲ್ಲ ಅನ್‌ಪಿನ್ ಸಾಕು. ಬಲಗಡೆ ಪೂರ್ತಿ ಖಾಲಿಯಾದರೂ ಚಿಂತೆ ಇಲ್ಲ.

ಈಗ ನಿಮಗೆ ಬೇಕಾದ್ದನ್ನು ತಂದಿಡೋಣ. ಎಡಗಡೆಯ ಉದ್ದ ಪಟ್ಟಿಯಲ್ಲಿ ಎ, ಬಿ, ಸಿ ಅಂತ ಒಂಟಿ ಅಕ್ಷರಗಳಿವೆ ನೋಡಿ. ಯಾವುದಾದರೂ ಒಂದರ ಮೇಲೆ ಕ್ಲಿಕ್ ಮಾಡಿದರೆ ಇಡೀ ಅಕ್ಷರಮಾಲೆ ಎದುರಿಗೆ ಬರುತ್ತದೆ. ಅಲ್ಲಿ ಎನ್ ಒತ್ತಿದರೆ ನುಡಿ ಇರೋ ಜಾಗಕ್ಕೇ ಹೋಗುತ್ತೀರಿ. ಸುಮ್ನೆ ಕೆಳಗೆ ಎಳೀತಾ ಕೂರಬೇಕಾಗಿಲ್ಲ. ನುಡಿಯನ್ನು ಹಿಡಿದು ಬಲಗಡೆಗೆ ಎಳೆದು ಬಿಡಿ. ಹಾಗೇ ಪ್ರಿಂಟರಿನ ಸ್ಕ್ಯಾನ್, ಎಕ್ಸೆಲ್. ಮೂರನ್ನೂ ಒತ್ತೊತ್ತಿಗೆ ಇಡಿ.

ನನಗೆ ತುಂಬಾ ಇಷ್ಟವಾದದ್ದು ಮುಂದಿನದು. ಆ ಮೂರರ ತಲೆಯ ಮೇಲೆ ಮೌಸ್ ತಂದರೆ ‘ನೇಮ್ ಗ್ರೂಪ್’ ಅಂತ ಮಸುಕಾಗಿ ಕಾಣುತ್ತದೆ. ಅಲ್ಲಿ ಕ್ಲಿಕ್ ಮಾಡಿ ‘ಸಂಘದ ಕೆಲಸ’ ಅಂತ ಬರೆಯಿರಿ, ಕನ್ನಡದಲ್ಲೇ. ಆದರೆ ನುಡಿಯಲ್ಲಿ ಯೂನಿಕೋಡ್, ಅಂದರೆ ಎಲ್ಲ ಕಡೆ ಕನ್ನಡವಾಗಿಯೇ ಕಾಣೋ ಅಕ್ಷರ ವಿಧಾನ, ಆರಿಸಿಕೊಂಡಿರಬೇಕು. ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪ್ ಮಾಡಿದರೆ ಅಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಹಾಗೆ ಕಾಣುತ್ತದೆ. ಇನ್ನೊಂದು ಗುಂಪಿಗೆ ‘ಮೊಮ್ಮಕ್ಕಳ ಫೋಟೊ’ ಅಂತ ಹೆಸರಿಡಿ. ನಿಮ್ಮ ಮೆನು ನಿಮ್ಮ ಮಾತಿನಲ್ಲೇ ಇರಲಿ.

ಜಾಹೀರಾತಿನ ಕಾಟಕ್ಕೆ ಸೆಟ್ಟಿಂಗ್ಸ್, ಅದರಲ್ಲಿ ಪರ್ಸನಲೈಸೇಶನ್, ಅದರಲ್ಲಿ ಸ್ಟಾರ್ಟ್. ಅಲ್ಲಿ ‘ಶೋ ಸಜೆಶನ್ಸ್’ ಅಂತ ಶುರುವಾಗೋ ಸಾಲನ್ನು ಆಫ್ ಮಾಡಿ. ‘ಶೋ ಆಪ್ ಲಿಸ್ಟ್’ ಅನ್ನೋದನ್ನು ಮಾತ್ರ ಮುಟ್ಟಬೇಡಿ, ಎಡಗಡೆಯ ಪಟ್ಟಿ ಮರೆಯಾಗಿ ಗಾಬರಿಯಾಗುತ್ತೀರಿ.

ಎಡಗಡೆಯ ಪಟ್ಟಿಯನ್ನೂ ಚೊಕ್ಕ ಮಾಡಬಹುದು. ಪ್ರೋಗ್ರಾಮಿನ ಹೆಸರಿನ ಮೇಲೆ ಬಲ ಕ್ಲಿಕ್, ‘ಮೋರ್’, ಆಮೇಲೆ ‘ಓಪನ್ ಫೈಲ್ ಲೊಕೇಶನ್’. ಒಂದು ಫೋಲ್ಡರ್ ತೆರೆಯುತ್ತದೆ. ಒಳಗಿನ ಐಕಾನ್‌ಗಳ ಎಡ ಮೂಲೆಯಲ್ಲಿ ಪುಟ್ಟ ಬಾಣದ ಗುರುತು ಇರುತ್ತದೆ. ಬಾಣ ಇದ್ದರೆ ಅದು ಚೀಟಿ ಅಂತ ಅರ್ಥ. ‘ರೀಡ್‌ಮಿ’, ‘ವಿಸಿಟ್ ವೆಬ್‌ಸೈಟ್’ ಥರದ್ದನ್ನು ಅಲ್ಲಿಂದ ಅಳಿಸಬಹುದು, ಅರ್ಥವಾಗದ ಹೆಸರನ್ನು ಬದಲಿಸಬಹುದು. ನನ್ನ ಸ್ಕ್ಯಾನರಿನ ಹೆಸರು ಬರೀ ಅಂಕಿಗಳಾಗಿತ್ತು, ಅದನ್ನು ‘ಸ್ಕ್ಯಾನ್’ ಅಂತ ಮಾಡಿಕೊಂಡೆ. ಅನುಮತಿ ಕೇಳಿದರೆ ‘ಕಂಟಿನ್ಯೂ’ ಒತ್ತಿ. ಕ್ಯಾಲ್ಕುಲೇಟರ್ ಥರದವಕ್ಕೆ ಈ ಆಯ್ಕೆ ಬರುವುದಿಲ್ಲ, ಅವನ್ನು ಹಾಗೇ ಬಿಡಿ. ಇದು ಇವತ್ತೇ ಆಗಬೇಕಂತಿಲ್ಲ, ನಾನು ಬಂದಾಗ ಜೊತೆಗೆ ಕೂತು ಮಾಡೋಣ.

ತುಂಬಾ ಅವಸರ ಇದ್ದಾಗ ಕೀಲಿಮಣೆಯ ವಿಂಡೋಸ್ ಕೀ ಒತ್ತಿ, ಇಂಗ್ಲಿಷಿನಲ್ಲಿ ನುಡಿಯ ಮೊದಲ ಎರಡು ಅಕ್ಷರ ಬರೆಯಿರಿ. ತಾನೇ ಹುಡುಕಿಕೊಡುತ್ತದೆ.

ಪುಟ್ಟಿ, ನೀನು ಕೆಳಗೆ ‘ನನ್ನ ಲ್ಯಾಪ್‌ಟಾಪಲ್ಲಿ ಟೈಲೇ ಇಲ್ವಲ್ಲ’ ಅಂದಿದ್ದೀಯ. ನಿನ್ನದು ವಿಂಡೋಸ್ 11. ಈ ಸ್ಟಾರ್ಟ್ ಮೆನು 1995ರಲ್ಲಿ ವಿಂಡೋಸ್ 95 ಜೊತೆ ಬಂತು. 2012ರಲ್ಲಿ ವಿಂಡೋಸ್ 8 ಬಂದಾಗ ಅದನ್ನು ತೆಗೆದು ಇಡೀ ಪರದೆಗೆ ಟೈಲ್ ಹಾಸಿದರು. ಜನರಿಗೆ ಹಿಡಿಸಲಿಲ್ಲ. 2015ರ ವಿಂಡೋಸ್ 10ರಲ್ಲಿ ಮೆನು, ಟೈಲ್ ಎರಡನ್ನೂ ಸೇರಿಸಿದರು. ದೊಡ್ಡಮ್ಮನ ಹತ್ತಿರ ಇರೋದು ಅದು. 2021ರಲ್ಲಿ ವಿಂಡೋಸ್ 11 ಬಂದಾಗ ಟೈಲ್ ಹೋಯಿತು. ನೀನು ಒಂದು ಐಕಾನನ್ನು ಎಳೆದು ಇನ್ನೊಂದರ ಮೇಲೆ ಬಿಡು, ಫೋಲ್ಡರ್ ಆಗುತ್ತದೆ. ಅದಕ್ಕೂ ಹೆಸರಿಡಬಹುದು.

ದೊಡ್ಡಮ್ಮ, ಇವತ್ತು ಆ ಮೂರು ಟೈಲ್ ಜೋಡಿಸಿ, ಹೆಸರು ಬರೆದು ಇನ್ನೊಂದು ಫೋಟೊ ಹಾಕಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ರಾತ್ರಿ ಊಟ ಆದಮೇಲೆ ವಿಡಿಯೊ ಕಾಲ್ ಮಾಡಿ, ಎದ್ದೇ ಇರುತ್ತೇನೆ.