ಆರ್‌ಸಿಬಿ ಆಯ್ತು, ಈಗ ಮ್ಯಾರಿನರ್ಸ್

ಸಿಯಾಟಲ್ ಪಕ್ಕ ಬಾಥೆಲ್ ಅಂತ ಊರು, ಅಲ್ಲಿ ನಮ್ಮನೆ. ಹೊರಗೆ ಅಕ್ಟೋಬರ್ ತಿಂಗಳ ಜಿಟಿಜಿಟಿ ಮಳೆ, ಒಳಗೆ ಟಿವಿಲಿ 2025ರ ವರ್ಲ್ಡ್ ಸೀರೀಸ್ (ಬೇಸ್‌ಬಾಲ್ ಫೈನಲ್ ಸರಣಿ) ಎರಡನೇ ಮ್ಯಾಚು, ಸೌಂಡ್ ಮ್ಯೂಟು. ಯಾಕೆ ಮ್ಯೂಟು ಅಂದ್ರೆ ಮನೇಲಿ ಸೂತಕ. ಐದು ದಿನದ ಹಿಂದೆ ಸೋಮವಾರ ರಾತ್ರಿ ನಮ್ಮ ಸಿಯಾಟಲ್ ಟೀಮ್ ಮ್ಯಾರಿನರ್ಸ್ ಟೊರಾಂಟೋಲಿ ಸೋತು ಬಂದಿದ್ರು, ಅದೊಂದು ಗೆದ್ದಿದ್ರೆ ಈಗ ಡಾಡ್ಜರ್ಸ್ ಎದುರು ಟೊರಾಂಟೋದ ಬ್ಲೂ ಜೇಸ್ ಬದ್ಲು ನಾವೇ ನಿಂತಿರ್ತಿದ್ವಿ. ನಾವು ಅಂದ್ರೆ ನಾನಲ್ಲ ಮತ್ತೆ, ನಂಗೆ ಬೇಸ್‌ಬಾಲ್ ಹುಚ್ಚು ಹಿಡಿಸಿದ್ದೇ ಮಂಜ, ಅವನ ಸೂತಕಕ್ಕೆ ನಾವು ಬಾಡಿಗೆ ನೆಂಟರು ಅಷ್ಟೆ.

ಮಂಜ ದಾವಣಗೆರೆಯವನು. ಹದಿನೆಂಟು ವರ್ಷ ಆರ್‌ಸಿಬಿಗೆ ಹರಕೆ ಹೊತ್ತವನು, 2009, 2011, 2016 ಮೂರೂ ಫೈನಲ್ ಸೋತಾಗ್ಲೂ ಆ ಕೆಂಪು ಜೆರ್ಸಿ ಒಗೀದೆ ಹಾಗೇ ಮಡಚಿಟ್ಟವನು. 2025ರ ಜೂನ್ 3ಕ್ಕೆ ಅಹಮದಾಬಾದಲ್ಲಿ ಪಂಜಾಬ್ ವಿರುದ್ಧ 6 ರನ್ನಲ್ಲಿ ಗೆದ್ದು ಕೊನೆಗೂ ಕಪ್ ಎತ್ತಿದ್ರಲ್ಲ, ಆಗ ಇಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆ, ಆಫೀಸ್ ಮೀಟಿಂಗಲ್ಲಿ ಕ್ಯಾಮೆರಾ ಆಫ್ ಮಾಡ್ಕೊಂಡು ಗೊಳೋ ಅಂತ ಅತ್ನಂತೆ, ಮ್ಯೂಟ್ ಮಾಡೋದು ಮರ್ತಿದ್ದ, ಮ್ಯಾನೇಜರ್ ಪಾಪ ಮನೇಲಿ ಯಾರೋ ಹೋದ್ರು ಅಂತ ಎರಡು ದಿನ ರಜ ಕೊಟ್ಬಿಟ್ರು. ಅದಾದ್ಮೇಲೆ ಶುರುವಾಯ್ತು ನೋಡಿ ತೊಂದ್ರೆ. ಕೊರಗೋಕೆ ಏನೂ ಇಲ್ಲ! ಎರಡು ವಾರ ಸಪ್ಪಗಿದ್ದ. ಆಮೇಲೆ ಯಾರೋ ಅವನಿಗೆ, ಮೇಜರ್ ಲೀಗಲ್ಲಿ 30 ಟೀಮ್ ಇದಾವೆ, ಅದರಲ್ಲಿ ಇವತ್ತಿನವರೆಗೆ ಒಂದೇ ಒಂದು ಸಲನೂ ವರ್ಲ್ಡ್ ಸೀರೀಸ್ ಮೆಟ್ಟಿಲು ಹತ್ತದೇ ಇರೋದು ನಿಮ್ಮೂರ ಮ್ಯಾರಿನರ್ಸ್ ಮಾತ್ರ ಅಂದ್ರಂತೆ. ಕಪ್ ಗೆಲ್ಲೋದಿರ್ಲಿ, ಫೈನಲ್ಲಿಗೇ ಹೋಗಿಲ್ಲ. ಮಂಜನ ಮುಖ ಅರಳಿದ್ದು ಅವತ್ತೇ.

ಊರಿಂದ ಬಂದಿದ್ದ ನಮ್ಮ ಮಾವ ಸೋಫಾ ಮೂಲೇಲಿ ಕಡಲೆಪುರಿ ಬಟ್ಲು ಹಿಡ್ಕೊಂಡು ಕೂತಿದ್ರು. ಹಾಸನದವರು, ಕರೆಂಟ್ ಇಲಾಖೇಲಿ ಇದ್ದು ರಿಟೈರ್ ಆದವ್ರು, ಆರು ತಿಂಗಳ ವೀಸಾ, ಅದರಲ್ಲಿ ನಾಲ್ಕು ತಿಂಗಳು ಈ ಆಟ ನೋಡ್ತಾನೇ ಕಳೆದಿದ್ರು.

"ಅಳಿಯಂದ್ರೆ, ಒಂದು ವರ್ಷಕ್ಕೆ ಎಷ್ಟು ಮ್ಯಾಚ್ ಅಂದ್ರಿ?"

"162 ಮಾವ, ಒಂದೊಂದು ಟೀಮಿಗೆ. ಪ್ಲೇಆಫ್ ಬೇರೆ."

"ಐಪಿಎಲಲ್ಲಿ?"

"ಲೀಗಲ್ಲಿ ಹದಿನಾಲ್ಕು."

"ಹಂಗಾದ್ರೆ ಇದು ಆಟ ಅಲ್ಲ, ಸೀರಿಯಲ್ಲು" ಅಂತ ಅಡುಗೆಮನೆಯಿಂದ ನಮ್ಮತ್ತೆ. ನಿಜ ಹೇಳ್ಬೇಕಂದ್ರೆ ಇಷ್ಟು ವರ್ಷದಲ್ಲಿ ಬೇಸ್‌ಬಾಲ್ ಬಗ್ಗೆ ಯಾರೂ ಇಷ್ಟು ಸರಿಯಾಗಿ ಹೇಳಿರ್ಲಿಲ್ಲ. ಒಂದು ವಾರ ನೋಡ್ಲಿಲ್ಲ ಅಂದ್ರೂ ಕಥೆ ಎಲ್ಲೂ ಹೋಗಿರಲ್ಲ, ಸೊಸೆ ಇನ್ನೂ ಅದೇ ಬಾಗಿಲ ಹತ್ರ ನಿಂತಿರ್ತಾಳೆ.

ಶೆಟ್ರು (ಮಂಗಳೂರು, ಡೇಟಾ ಕೆಲಸ, ಎಲ್ಲದಕ್ಕೂ ಅಂಕಿ ಬೇಕು) ಮಾವನಿಗೆ ಬ್ಯಾಟಿಂಗ್ ಆವರೇಜ್ ವಿವರಿಸೋಕೆ ಹೊರಟ್ರು. "ಅಂಕಲ್, ಇಲ್ಲಿ ಹತ್ತು ಸಲ ಬ್ಯಾಟ್ ಹಿಡಿದು ಬಂದ್ರೆ ಮೂರು ಸಲ ಹಿಟ್ ಹೊಡೆದ್ರೆ ಅವ ದೊಡ್ಡ ಜನ ಮಾರಾಯ್ರೆ."

"ಏಳು ಸಲ ಔಟಾದ್ರೂನಾ?"

"ಹೌದು, ಏಳು ಸಲ ಔಟಾದ್ರೂ."

ಮಾವ ಪುರಿ ಬಾಯಿಗೆ ಹಾಕೋದು ನಿಲ್ಸಿದ್ರು. "ನಾನು ಹತ್ತು ಕಂಬ ಹತ್ತಿ ಮೂರಕ್ಕೆ ಮಾತ್ರ ಲೈನ್ ಕೊಟ್ಟಿದ್ರೆ ಏನ್ ಮಾಡ್ತಿದ್ರು ಗೊತ್ತಾ?" ಅಂತ ಕೇಳಿದ್ರು. ಯಾರೂ ಉತ್ತರ ಕೊಡ್ಲಿಲ್ಲ, ಮಂಜ ಮಾತ್ರ ಮೆಲ್ಲಗೆ "ಸಿಯಾಟಲಲ್ಲಿ ಪ್ರತಿಮೆ ನಿಲ್ಲಿಸ್ತಿದ್ರು ಅಂಕಲ್" ಅಂದ. ಅದೂ ಸುಳ್ಳಲ್ಲ, ಮ್ಯಾರಿನರ್ಸ್‌ನ ಹಳೇ ಆಟಗಾರ ಇಚಿರೋ ಇಲ್ಲಿ 2004ರಲ್ಲಿ ಒಂದೇ ಸೀಸನ್ನಲ್ಲಿ 262 ಹಿಟ್ ಹೊಡೆದ, ಆ ದಾಖಲೆ ಇನ್ನೂ ಹಾಗೇ ಇದೆ, ಆ ವರ್ಷದ ಆವರೇಜು .372, ಅಂದ್ರೆ ಆಗ್ಲೂ ಹತ್ತಕ್ಕೆ ಆರು ಸಲ ಬರೀ ಕೈಲಿ ವಾಪಸ್ಸು. ಅವನನ್ನ 2025ರಲ್ಲಿ ಹಾಲ್ ಆಫ್ ಫೇಮಿಗೆ (ದೊಡ್ಡ ಆಟಗಾರರ ಗೌರವ ಪಟ್ಟಿ) ಸೇರಿಸೋವಾಗ 394 ಜನ ಓಟು ಹಾಕಿದ್ರು, 393 ಬಂತು, ಒಂದು ಓಟು ಬರ್ಲಿಲ್ಲ. ಆ ಒಬ್ಬ ಯಾರು ಅಂತ ಗೊತ್ತಿಲ್ಲ. ಇಚಿರೋ ಅವನನ್ನ ಮನೆಗೆ ಕರೆದು ಕೂತು ಕುಡಿಯೋಣ ಅಂದಿದಾನೆ. ಶೆಟ್ರ ಪ್ರಕಾರ ಅವ ಗ್ಯಾರಂಟಿ ಯಾರೋ ಷಡ್ಡಕ.

ಮಂಜ ಒಂದು ಚೆಂಡು ತಂದಿದ್ದ, ಅಸಲಿ, ಬಿಳಿ ಚರ್ಮ, ಕೆಂಪು ದಾರ. ಮಾವ ಅದನ್ನ ಕೈಲಿ ತಿರುಗಿಸಿ ತಿರುಗಿಸಿ ನೋಡಿ "ಎಷ್ಟು ಹೊಲಿಗೆ ಇದಕ್ಕೆ?" ಅಂದ್ರು. 108 ಜೋಡಿ ಹೊಲಿಗೆ ಅಂದಿದ್ದೇ ತಡ, ಕಾಲು ಮಡಚಿ ನೆಟ್ಟಗೆ ಕೂತ್ಬಿಟ್ರು. "ಅಷ್ಟೋತ್ತರ!" ಚೆಂಡು ಎಡಗೈಲಿ ಹಿಡ್ಕೊಂಡು ಬಲಗೈ ಹೆಬ್ಬೆರಳಲ್ಲಿ ಒಂದೊಂದೇ ಹೊಲಿಗೆ ತಳ್ತಾ ತುಟಿ ಅಲ್ಲಾಡಿಸ್ತಾ ಎಣಿಸೋಕೆ ಶುರು, ಥೇಟ್ ಜಪಮಣಿ. ಶೆಟ್ರಿಗೆ ಇನ್ನೇನು ಬೇಕು, "ಅಂಕಲ್, ಶಿಕಾಗೋ ಕಬ್ಸ್ ಅಂತ ಉಂಟು, ಅವ್ರು 1908ರಲ್ಲಿ ಗೆದ್ದದ್ದು, ಮತ್ತೆ ಗೆದ್ದದ್ದು 2016ರಲ್ಲಿ, ಎಷ್ಟು ವರ್ಷ ಆಯ್ತು ಹೇಳಿ" ಅಂದ್ರು. ಮಾವ ಲೆಕ್ಕ ಹಾಕಿ, ಕಣ್ಣು ಅರಳಿಸಿ, ಚೆಂಡಿನ ಎಣಿಕೆ ತಪ್ಪಿಸ್ಕೊಂಡ್ರು. "ನಲವತ್ತೆರಡೋ ನಲವತ್ಮೂರೋ ಆಗಿತ್ತು, ಹಾಳಾಗೋಯ್ತು." ಮತ್ತೆ ಮೊದಲಿಂದ.

"ನೋಡಲೇ ಮಂಜ" ಅಂದೆ ನಾನು, "ಮ್ಯಾರಿನರ್ಸ್ ಹುಟ್ಟಿದ್ದು 1977ರಲ್ಲಿ, 108 ತುಂಬೋದು 2085ಕ್ಕೆ. ನೀನು ಮೊಮ್ಮಕ್ಕಳಿಗೆ ಜೆರ್ಸಿ ಎತ್ತಿಡು." ಅವನು ನನ್ನನ್ನ ನೋಡಿದ ನೋಟ ಇಲ್ಲಿ ಬರೆಯೋಕಾಗಲ್ಲ.

ಆದ್ರೂ ಹೇಳ್ತೀನಿ, 2025ರಲ್ಲಿ ಇವರ ಆಟ ಆಟನೇ. ಕ್ಯಾಲ್ ರಾಲಿ ಅಂತ ಒಬ್ಬ ಇದಾನೆ, ಕ್ಯಾಚರ್, ಅಂದ್ರೆ ನಮ್ಮ ವಿಕೆಟ್ ಕೀಪರ್ ಥರ, ಆದ್ರೆ ಮೈಮೇಲೆಲ್ಲಾ ಕವಚ ಹಾಕ್ಕೊಂಡು ಮ್ಯಾಚ್ ಪೂರ್ತಿ ಕುಕ್ಕುರುಗಾಲಲ್ಲಿ ಕೂರ್ಬೇಕು, ಏಳ್ಬೇಕು, ಕೂರ್ಬೇಕು. ಮಾವ ಇದಕ್ಕೆ "ಶಾಲೇಲಿ ನಮ್ಗೆ ಇದನ್ನ ಶಿಕ್ಷೆ ಅಂತ ಕೊಡ್ತಿದ್ರು" ಅಂದ್ರು. ಅಷ್ಟು ಬಸ್ಕಿ ಹೊಡೆದ್ಮೇಲೂ ಎದ್ದು ಬಂದು 60 ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದ ಪುಣ್ಯಾತ್ಮ, ಕ್ಯಾಚರ್ ಒಬ್ಬ ಒಂದು ಸೀಸನ್ನಲ್ಲಿ ಹೊಡೆದಿದ್ದು ಅಲ್ಲಿವರೆಗೆ ಜಾಸ್ತಿ ಅಂದ್ರೆ 48. ಬಲಗೈಲೂ ಹೊಡೀತಾನೆ ಎಡಗೈಲೂ ಹೊಡೀತಾನೆ. ಜುಲೈಲಿ ಹೋಮ್ ರನ್ ಡರ್ಬಿ ಅಂತ ಪಂದ್ಯ ಆಯ್ತಲ್ಲ, ಚೆಂಡು ಎಸೆದಿದ್ದು ಅವರಪ್ಪ, ಹಿಂದೆ ಕ್ಯಾಚರ್ ಆಗಿ ಕೂತಿದ್ದು ಹದಿನೈದು ವರ್ಷದ ತಮ್ಮ, ಹೊಡೆದು ಗೆದ್ದಿದ್ದು ಇವನು. ಮಾವನಿಗೆ ಇದು ಬಹಳ ಹಿಡಿಸ್ತು, "ಮನೆಮಂದಿ ಎಲ್ಲಾ ಸೇರಿ ಕಣ ಮಾಡ್ದಂಗೆ" ಅಂತ.

"ಎಲ್ರೂ ಅವನ್ನ ಡಂಪರ್ ಡಂಪರ್ ಅಂತಾರಲ್ಲ, ಯಾಕೆ? ಲಾರಿ ಗೀರಿ ಓಡಿಸ್ತಿದ್ನಾ?"

ಬಿಗ್ ಡಂಪರ್ ಅನ್ನೋ ಅಡ್ಡಹೆಸರು ಯಾವ ಅವಯವದಿಂದ ಬಂತು ಅಂತ ಮಾವನಿಗೆ ಹೇಗೆ ಹೇಳೋದು, ಅತ್ತೆ ಬೇರೆ ಅಲ್ಲೇ ಕಾಫಿ ಸೋಸ್ತಿದ್ರು. ನಾನು ಟಿವಿ ನೋಡ್ದೆ. ಮಂಜ ಚಾವಣಿ ನೋಡ್ದ. ಶೆಟ್ರೇ ಕಾಪಾಡಿದ್ದು: "ಅದು ಎಂತ ಇಲ್ಲ ಅಂಕಲ್, ಹುಡುಗನಿಗೆ ಡಿಕ್ಕಿ ಸ್ವಲ್ಪ ದೊಡ್ಡದು."

ಮಾವ ಅರ್ಥ ಮಾಡ್ಕೊಂಡು ಐದು ನಿಮಿಷ ನಕ್ಕರು, ಎಣಿಕೆ ಮತ್ತೆ ತಪ್ತು.

(ನವೆಂಬರಲ್ಲಿ ಇದೇ ರಾಲಿಗೆ ಎಂವಿಪಿ, ಅಂದ್ರೆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ, ಕೊಡದೆ ಯಾಂಕೀಸ್‌ನ ಆರನ್ ಜಡ್ಜ್‌ಗೆ ಕೊಟ್ರು, ಮೊದಲ ಸ್ಥಾನದ ಓಟು 17ಕ್ಕೆ 13. ಆವತ್ತು ಮಂಜ ಎರಡನೇ ಸಲ ರಜ ಕೇಳಿದ. ಕೊಡ್ಲಿಲ್ಲ.)

ಈಗ ಮಾಟದ ವಿಷ್ಯ. ಇದು ನಾನು ಕಟ್ಟಿದ್ದಲ್ಲ ದಯವಿಟ್ಟು ನಂಬಿ. ಸೆಪ್ಟೆಂಬರ್ ಶುರುವಲ್ಲಿ ಟೀಮ್ ಮಕಾಡೆ ಮಲಗಿದ್ದಾಗ ಒಬ್ಬ ಅಭಿಮಾನಿ ಎಟ್ಸಿ ಅನ್ನೋ ಆನ್‌ಲೈನ್ ಅಂಗಡಿಲಿ ದುಡ್ಡು ಕೊಟ್ಟು ಮಾಟಗಾತಿ ಹತ್ರ ಮಂತ್ರ ಹಾಕಿಸ್ದ. ಅಲ್ಲಿಂದ ಇವರು ಸತತ ಹತ್ತು ಮ್ಯಾಚ್ ಗೆದ್ರು. 2001ರ ನಂತರ ಮೊದಲ ಸಲ ಡಿವಿಷನ್ (ಲೀಗಲ್ಲಿ ತಮ್ಮ ಗುಂಪು) ಗೆದ್ರು. ಸ್ಟೇಡಿಯಮ್ಮಿಗೆ ಜನ ಮಾಟಗಾತಿ ಟೋಪಿ ಹಾಕ್ಕೊಂಡು ಬರೋಕೆ ಶುರು ಮಾಡಿದ್ರು.

"ಕಾಕತಾಳೀಯ" ಅಂದ್ರು ಶೆಟ್ರು. "ಸ್ಯಾಂಪಲ್ ಸೈಜ್ ಸಣ್ಣದು."

"ಹತ್ತು ಮ್ಯಾಚ್ ಲೇ!"

"ಒಳ್ಳೆ ಪಿಚಿಂಗ್ ಇದ್ರೆ ಹತ್ತು ಗೆಲ್ತಾರೆ. ಮತ್ತೆ ಟೊರಾಂಟೋದಲ್ಲಿ ಮಂತ್ರ ಎಲ್ಲಿ ಹೋಯ್ತು?"

"ಬಾರ್ಡರ್ ದಾಟಲ್ಲ ಅನ್ಸುತ್ತೆ" ಅಂದ ಮಂಜ, ಸೀರಿಯಸ್ಸಾಗಿ. "ವೀಸಾ ಪ್ರಾಬ್ಲಮ್ಮು."

ಇವನಿಗೆ ಇದೆಲ್ಲಾ ಶಾಸ್ತ್ರ ಬಾಯಿಪಾಠ. ಪ್ಲೇಆಫಲ್ಲಿ ಡೆಟ್ರಾಯಿಟ್ ವಿರುದ್ಧ ಕೊನೇ ಮ್ಯಾಚು, ಅಕ್ಟೋಬರ್ 10, ಒಂಬತ್ತು ಇನ್ನಿಂಗ್ಸಿಗೆ ಮುಗೀಬೇಕಾದ್ದು ಹದಿನೈದಕ್ಕೆ ಹೋಯ್ತು, ಹತ್ತಿರ ಹತ್ತಿರ ಐದು ಗಂಟೆ, ನಾವು ನಾಲ್ಕೂ ಜನ ಮೇಲ್ಗಡೆ ಅಗ್ಗದ ಸೀಟಲ್ಲಿ ನಡುಗ್ತಾ ಕೂತಿದ್ವಿ. ಅಲ್ಲಿ ಮಧ್ಯದಲ್ಲಿ ಸಾಲ್ಮನ್ ಮೀನಿನ ವೇಷ ಹಾಕ್ಕೊಂಡವ್ರು ಓಟದ ಸ್ಪರ್ಧೆ ಮಾಡ್ತಾರೆ, ಅದರಲ್ಲಿ ಹಂಪಿ ಅಂತ ಒಂದು ಮೀನು, ಅಲ್ಲಿವರೆಗೆ ಒಂದೇ ಒಂದು ಸಲನೂ ಗೆದ್ದಿರ್ಲಿಲ್ಲ. ಹೆಸರು ಕೇಳಿದ್ದಕ್ಕೇ ಮಾವ ಆ ಮೀನಿನ ಪಾರ್ಟಿ ಆಗಿದ್ರು, "ಹಂಪಿ ನಮ್ಮದು!" ಅಂತ. ಆ ರಾತ್ರಿ ಹಂಪಿ ಗೆದ್ತು. ಮಾವ ಎದ್ದು ನಿಂತು ಕೂಗಿದ್ದು ನೋಡಿ ಮುಂದಿನ ಸಾಲಿನ ಅಮೆರಿಕದವ್ರು ಹೈ ಫೈ ಕೊಟ್ರು. ಆಮೇಲೆ ಹೋರ್ಹೆ ಪೊಲಾಂಕೋ ಹೊಡೆದ, 3-2, ಗೆದ್ವಿ. ಹಸಿವು ಅಂತ ಹುರಿದಿದ್ದು ಏನೋ ಪೊಟ್ಟಣ ತಂದ್ರು ಶೆಟ್ರು, ಉಪ್ಪು ಖಾರ ನಿಂಬೆಹುಳಿ, ಮಾವ ಒಂದು ಕೈಲಿ ತಗೊಂಡು ಬಾಯಿ ಹತ್ರ ತರೋವಾಗ ಅದಕ್ಕೆ ಕಾಲಿರೋದು ಕಾಣಿಸ್ತು. ಮಿಡತೆ. ಹೌದು, ಈ ಸ್ಟೇಡಿಯಮ್ಮಲ್ಲಿ ಹುರಿದ ಮಿಡತೆ ಫೇಮಸ್ಸು. "ರಾಗಿ ಹೊಲಕ್ಕೆ ಬಂದ್ರೆ ಇದಕ್ಕೆ ಔಷಧಿ ಹೊಡೀತಿದ್ವಲ್ಲಯ್ಯ" ಅಂತ ವಾಪಸ್ ಇಟ್ರು.

ಅಲ್ಲಿಂದ ಟೊರಾಂಟೋ. ಏಳನೇ ಮ್ಯಾಚು, ನಾವು 3-1 ಮುಂದೆ. ಏಳನೇ ಇನ್ನಿಂಗ್ಸು, ಒಂದು ಔಟ್ ಆಗಿದೆ, ಇನ್ನು ಎಂಟು ಔಟ್ ತೆಗೆದ್ರೆ ಜನ್ಮ ಪಾವನ. ಎರಡನೇ ಬೇಸು ಮೂರನೇ ಬೇಸಲ್ಲಿ ಅವರವ್ರು ರನ್ನಿಗೆ ಕಾಯ್ತಾ ನಿಂತಿದಾರೆ. ಬ್ಯಾಟಿಗೆ ಜಾರ್ಜ್ ಸ್ಪ್ರಿಂಗರ್. ನಮ್ಮ ಅತಿ ಒಳ್ಳೆ ಬೌಲರ್ ಆಂಡ್ರೆಸ್ ಮುನ್ಯೋಸ್ ಹಿಂದೆ ಬುಲ್‌ಪೆನ್ನಲ್ಲಿ (ಬದಲಿ ಬೌಲರ್‌ಗಳು ಕಾಯೋ ಜಾಗ) ಕೂತಿದಾನೆ, ಅವನನ್ನ ಕರೀದೆ ಬೇರೆಯವನ ಕೈಲಿ ಹಾಕಿಸಿದ್ರು. ಮೂರು ರನ್ ಹೋಮ್ ರನ್. 4-3. ಮುಗೀತು. ಒಂಬತ್ತನೇ ಇನ್ನಿಂಗ್ಸಲ್ಲಿ ಮಂಜ ಟೋಪಿ ಒಳಗಿಂದ ಹೊರಕ್ಕೆ ಮಗುಚಿ ಹಾಕ್ಕೊಂಡ, ರ್‍ಯಾಲಿ ಕ್ಯಾಪ್ ಅಂತಾರೆ, ಹಾಗೆ ಹಾಕ್ಕೊಂಡ್ರೆ ಸೋಲ್ತಿರೋ ಟೀಮ್ ಏಳುತ್ತಂತೆ. ಏಳ್ಲಿಲ್ಲ.

ಈ ವಿಷ್ಯಕ್ಕೆ ಪಂಡಿತರೆಲ್ಲಾ ವಾರಗಟ್ಲೆ ಚರ್ಚೆ ಮಾಡಿದ್ರು. ಅತ್ತೆ ಲೋಟ ಕೈಗೆ ಕೊಡ್ತಾ ಒಂದೇ ಮಾತಲ್ಲಿ ಮುಗಿಸಿದ್ರು: "ಬೆಳ್ಳಿ ಲೋಟ ಬೀರುಲಿಟ್ಟು ಬೀಗರಿಗೆ ಪ್ಲಾಸ್ಟಿಕ್ ಲೋಟದಲ್ಲಿ ಕಾಫಿ ಕೊಟ್ರೆ ಇನ್ನೇನಾಗುತ್ತೆ."

ಟಿವಿಲಿ ಅಷ್ಟೊತ್ತಿಗೆ ಡಾಡ್ಜರ್ಸ್‌ನ ಯಮಮೊಟೊ ಒಬ್ಬನೇ ಒಂಬತ್ತೂ ಇನ್ನಿಂಗ್ಸ್ ಎಸೀತಿದ್ದ, ಕೊನೇ ಇಪ್ಪತ್ತು ಜನ ಸಾಲಾಗಿ ಔಟು, 105 ಎಸೆತ, 5-1. ಈಗಿನ ಕಾಲದಲ್ಲಿ ಹಂಗೆ ಯಾರೂ ಪೂರ್ತಿ ಎಸೆಯಲ್ಲ, ಬೆಳ್ಳಿ ಲೋಟ ಹೊರಗೆ ತೆಗೆದಿಟ್ಟವರ ಮನೆ ಅದು. ಮಾವ ಮಾತ್ರ ಡಾಡ್ಜರ್ಸ್‌ನ ಸ್ಟಾರ್ ಓಹ್ಟಾನಿನ ತೋರಿಸಿ "ಇವನ ಸಂಬಳ ಎಷ್ಟು?" ಅಂದ್ರು.

"ಹತ್ತು ವರ್ಷಕ್ಕೆ 70 ಕೋಟಿ ಡಾಲರ್. ಆದ್ರೆ ಈಗ ವರ್ಷಕ್ಕೆ ಬರೀ 20 ಲಕ್ಷ ತಗೋತಾನೆ, ಮಿಕ್ಕಿದ 68 ಕೋಟಿ 2034ರಿಂದ ಕಂತಲ್ಲಿ."

"ಅದು ಪೆನ್ಷನ್ನಲ್ವ!" ಮಾವನ ಮುಖದಲ್ಲಿ ಮೊದಲ ಸಲ ಈ ಆಟದ ಮೇಲೆ ನಿಜವಾದ ಗೌರವ. ಶೆಟ್ರು ಅದಕ್ಕೆ ತುಪ್ಪ ಸುರಿದ್ರು: ಬಾಬಿ ಬೊನಿಯಾ ಅಂತ ಒಬ್ಬ, 2001ಕ್ಕೇ ಆಟ ಬಿಟ್ಟ, ನ್ಯೂಯಾರ್ಕ್ ಮೆಟ್ಸ್ ಅವನಿಗೆ ಪ್ರತಿ ವರ್ಷ ಜುಲೈ 1ಕ್ಕೆ ಸುಮಾರು 12 ಲಕ್ಷ ಡಾಲರ್ ಕೊಡ್ತಾ ಇದಾರೆ, 2035ರವರೆಗೆ ಕೊಡ್ಬೇಕು.

ಮಾವ ಬಹಳ ಹೊತ್ತು ಯೋಚನೆ ಮಾಡಿದ್ರು. "ಲೈಫ್ ಸರ್ಟಿಫಿಕೇಟು? ನವೆಂಬರಲ್ಲಿ ಬ್ಯಾಂಕಿಗೆ ಹೋಗ್ಬೇಕಾ ಅವನು?"

ಮಂಜನಿಗೆ ಇದ್ಯಾವುದರಲ್ಲೂ ಮನಸ್ಸಿಲ್ಲ. ಬ್ಯಾಗಿಂದ ಹೊಸ ಟೋಪಿ ತೆಗೆದ, ಸಮಾಧಾನಕ್ಕೆ ಆರ್ಡರ್ ಮಾಡಿದ್ದಂತೆ, ಹಳೇ ಡಿಸೈನು, ಟೀಮ್ ಶುರುವಾದ ಕಾಲದ್ದು. ನೀಲಿ ಬಟ್ಟೆ ಮೇಲೆ ಹಳದಿ ತ್ರಿಶೂಲ. ಅದನ್ನ ಎಂ ಅಕ್ಷರ ಕಾಣೋ ಹಾಗೆ ಮಾಡೋಕೆ ಮೊನೆ ಕೆಳಗೆ ಮಾಡಿ ಕೂರಿಸಿದಾರೆ. ಮಾವ ಕನ್ನಡಕ ಸರಿ ಮಾಡ್ಕೊಂಡು ಹತ್ರ ಹಿಡಿದು ನೋಡಿದ್ರು.

"ಏನಪ್ಪಾ ಮಂಜುನಾಥ. ಹೆಸರು ನೋಡಿದ್ರೆ ಶಿವಂದು. ತ್ರಿಶೂಲ ತಲೆಕೆಳಗೆ ಹೊತ್ಕೊಂಡು ತಿರುಗ್ತೀಯಲ್ಲ?"

"ಅದು ಎಂ, ಅಂಕಲ್..."

"ಮೊದಲನೇ ಮ್ಯಾಚ್ ಏನಾಯ್ತು ಇವರದ್ದು?"

ಶೆಟ್ರು ಫೋನ್ ನೋಡಿ, ಗಂಟಲು ಸರಿ ಮಾಡ್ಕೊಂಡ್ರು. "1977 ಏಪ್ರಿಲ್ 6. ಸೋತದ್ದು. 7-0."

"ಏಳು" ಅಂದ್ರು ಮಾವ. "ಇನ್ನರ್ಧ ಸೇರಿದ್ರೆ ಏಳೂವರೆ ಶನಿ."

ಸ್ಯಾಂಪಲ್ ಸೈಜ್ ಮನುಷ್ಯನೂ ಸುಮ್ನಾದ. ಮಾವ ಟೋಪಿ ತಗೊಂಡು ಅಂಗಾತ ಮಾಡಿ ತೊಡೆ ಮೇಲೆ ಇಟ್ಕೊಂಡ್ರು, ತ್ರಿಶೂಲದ ಮೊನೆ ಮೇಲಕ್ಕೆ ಬಂತು. ಬಟ್ಲಲ್ಲಿ ಉಳಿದಿದ್ದ ಕಡಲೆಪುರಿ ಅಷ್ಟನ್ನೂ ಅದರೊಳಗೆ ಸುರ್ಕೊಂಡು, ಒಂದು ಮುಷ್ಟಿ ಬಾಯಿಗೆ ಹಾಕ್ಕೊಂಡು, ಚೆಂಡು ಮತ್ತೆ ಕೈಗೆ ತಗೊಂಡ್ರು.

"ಹಂಗೇ ಇರ್ಲಿ, ಮಾರ್ಚ್‌ವರೆಗೆ ಯಾರೂ ಮುಟ್ಬೇಡಿ. ಎಲ್ಲಿದ್ದೆ ನಾನು... ಒಂದು, ಎರಡು..."