‘ದಂಗೆ’ಯೋ ‘ಬಂಡಾಯ’ವೋ? ಐರಿಷ್ ಕಾದಂಬರಿಯ ವಿಮರ್ಶೆಗೆ ಪದಗಳು

ಪ್ರಶ್ನೆ: ಥಾಮಸ್ ಫ್ಲನಗನ್ ಅವರ ‘ದಿ ಇಯರ್ ಆಫ್ ದಿ ಫ್ರೆಂಚ್’ (1979) ಕಾದಂಬರಿಯ ‘ಕ್ರಿಟಿಕಲ್ ರಿಸೆಪ್ಷನ್’ ಕುರಿತು ಲೇಖನ ಬರೆಯುತ್ತಿದ್ದೇನೆ. ಇದಕ್ಕೆ ‘ವಿಮರ್ಶಾತ್ಮಕ ಸ್ವಾಗತ’ ಎನ್ನಬಹುದೆ ಸರ್? ಬ್ರಿಟಿಷ್ ಆಳ್ವಿಕೆಯ ವಿರುದ್ಧ ನಡೆದ 1798ರ ಐರಿಷ್ ‘ರೆಬೆಲಿಯನ್’ಗೆ ದಂಗೆ, ಬಂಡಾಯ, ಕ್ರಾಂತಿ ಇವುಗಳಲ್ಲಿ ಯಾವುದು ಸರಿ?

ಉತ್ತರ: ‘ಸ್ವಾಗತ’ ಬೇಡ. ಆ ಪದದಲ್ಲಿ ತೆಗಳಿಕೆಗೆ ಜಾಗವಿಲ್ಲ. ‘ವಿಮರ್ಶಕರು ಕಂಡ ಬಗೆ’ ಎಂದರೆ ಸಾಕು. ಕಾದಂಬರಿಗೆ ಅಮೆರಿಕದ ನ್ಯಾಷನಲ್ ಬುಕ್ ಕ್ರಿಟಿಕ್ಸ್ ಸರ್ಕಲ್ ಪ್ರಶಸ್ತಿ ಬಂದದ್ದನ್ನೂ ಅದರಡಿಯಲ್ಲೇ ಹೇಳಬಹುದು.

‘ರೆಬೆಲಿಯನ್’ಗೆ ಮಾತ್ರ ಒಂದೇ ಪದ ಸಾಲದು. ಈ ಕಾದಂಬರಿಯನ್ನು ಮೆಚ್ಚಿದವರು ಎತ್ತಿ ಹೇಳುವುದೇ ಅದರ ಹಲವು ದನಿಗಳ ನಿರೂಪಣೆಯನ್ನು. ಮೇಯೋ ಜಿಲ್ಲೆಯ ಕಿಲ್ಲಾಲದ ಪ್ರಾಟೆಸ್ಟಂಟ್ ಪಾದ್ರಿ ಬ್ರೂಮ್ ಕಣ್ಣಿಗೆ ಅದು ದಂಗೆ; ಬ್ರಿಟಿಷ್ ಆಳ್ವಿಕೆಯ ವಿರೋಧಿ ಸಂಘಟನೆಯಾದ ಯುನೈಟೆಡ್ ಐರಿಷ್‌ಮೆನ್ ಸೇರಿದ್ದ ವಕೀಲ ಎಲಿಯಟ್ ಕಡೆಯಿಂದ ನೋಡಿದರೆ ಬಂಡಾಯ. ಇದು ಬರೀ ಶೈಲಿಯ ವಿಷಯವಲ್ಲ. ಆಗಸ್ಟ್ 22ರಂದು ಐರಿಷರ ನೆರವಿಗೆ ಸುಮಾರು 1,000 ಫ್ರೆಂಚ್ ಸೈನಿಕರು ಬಂದಿಳಿದರು, 27ರಂದು ಕ್ಯಾಸಲ್‌ಬಾರ್ ಗೆದ್ದರು, ಸೆಪ್ಟೆಂಬರ್ 8ರಂದು ಬ್ಯಾಲಿನಮಕ್‌ನಲ್ಲಿ ಸೋತರು. ಶರಣಾದ ಫ್ರೆಂಚರು ಯುದ್ಧಕೈದಿಗಳಾದರು. ಅವರ ಪಕ್ಕದಲ್ಲೇ ಹೋರಾಡಿದ ಐರಿಷರು ದಂಗೆಕೋರರೆನಿಸಿದ್ದರಿಂದ ಅಲ್ಲೇ ಕೊಲೆಯಾದರು, ನೇಣಿಗೇರಿದರು. ಯಾರ ಬಾಯಲ್ಲಿ ಯಾವ ಪದ ಎಂಬುದನ್ನು ವಿಮರ್ಶೆ ಕಲಸಿಬಿಟ್ಟರೆ ಕಾದಂಬರಿಯ ಜೀವವೇ ಹೋಗುತ್ತದೆ. ನಮ್ಮಲ್ಲೂ ಬ್ರಿಟಿಷರ ವಿರುದ್ಧ ಜನ ಎದ್ದ 1837ರ ಘಟನೆ ‘ಕಲ್ಯಾಣಪ್ಪನ ಕಾಟಕಾಯಿ’ ಆಗಿತ್ತು, ‘ಅಮರಸುಳ್ಯ ದಂಗೆ’ ಆಯಿತು, ಈಗ ‘ಸ್ವಾತಂತ್ರ್ಯ ಸಮರ’.

ವಿಮರ್ಶಕರಾಗಿ ನಿಮ್ಮದೇ ಮಾತಿಗೆ ಬಂದಾಗ ನಾಮಪದ ಬಿಟ್ಟು ಕ್ರಿಯಾಪದ ಹಿಡಿಯಿರಿ: ‘ಮೇಯೋದ ರೈತರು ಬಂಡೆದ್ದರು’. ಐರಿಷರು ಮತ್ತೆ ಬ್ರಿಟಿಷರ ವಿರುದ್ಧ ಎದ್ದ 1916ರ ‘ಈಸ್ಟರ್ ರೈಸಿಂಗ್’ನಲ್ಲಿರುವ ‘ಏಳು’ ಎಂಬ ಅರ್ಥ ಕನ್ನಡದ ‘ಬಂಡೇಳು’ವಿನಲ್ಲಿ ತಾನಾಗಿಯೇ ಇದೆ.

‘ಬಂಡಾಯ ಕಾದಂಬರಿ’ ಎಂದು ಮಾತ್ರ ಬರೆಯಬೇಡಿ. ನಮ್ಮ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದೂ 1979ರಲ್ಲೇ, ಓದುಗರು ಆ ಪಂಥದ ಕೃತಿಯೆಂದುಕೊಳ್ಳುತ್ತಾರೆ. ‘ಐರಿಷ್ ಬಂಡಾಯದ ಕಾದಂಬರಿ’ ಎಂದು ಷಷ್ಠಿ ವಿಭಕ್ತಿ ಹಚ್ಚಿದರೆ ಗೊಂದಲವಿಲ್ಲ. ‘ಕ್ರಾಂತಿ’ಯನ್ನು 1789ರ ಫ್ರಾನ್ಸಿಗೆ ಮೀಸಲಿಡಿ, ಆ ಕ್ರಾಂತಿಯ ಸೈನಿಕರೇ ಇಲ್ಲಿಗೆ ಬಂದವರು. ಹಿಂದಿಯ ‘ದಂಗಾ’ ನಮ್ಮ ದಂಗೆಯಲ್ಲ, ಅದು ಗಲಭೆ.

ಶೀರ್ಷಿಕೆಗೆ ‘ಫ್ರೆಂಚರ ವರ್ಷ’ ಎಂದರೆ ಪಂಚಾಂಗದ ಮಾತಿನಂತೆ ಕೇಳುತ್ತದೆ. ಐರಿಷ್ ಭಾಷೆಯ ಜನ 1798ನ್ನು ನೆನೆಯುತ್ತಿದ್ದದ್ದೇ ಆ ಹೆಸರಿನಿಂದ. ನಮ್ಮವರು ‘ಪ್ಲೇಗು ಬಂದ ವರ್ಷ’ ಎನ್ನುವಂತೆ, ‘ಫ್ರೆಂಚರು ಬಂದ ವರ್ಷ’ ಎನ್ನಿ.