ನೇಪಲ್ಸ್‌ನಲ್ಲಿ ನಾಲ್ಕು ದಿನ: ಸಸ್ಯಾಹಾರಿ ತಾಯಿಯೊಂದಿಗೆ ಹೋಗುವವರಿಗೆ ಅನುಭವಸ್ಥರ ಮಾತು

ಪ್ರಶ್ನೆ, ಮೈಸೂರಿನಿಂದ

ಬರುವ ಸೆಪ್ಟೆಂಬರ್ ಕೊನೆಯ ವಾರ ನಾನು, ನನ್ನ ಪತ್ನಿ ಮತ್ತು 68 ವರ್ಷದ ನನ್ನ ತಾಯಿ ರೋಮ್ ನೋಡಿಕೊಂಡು ನಾಲ್ಕು ದಿನಗಳ ಮಟ್ಟಿಗೆ ನೇಪಲ್ಸ್‌ಗೆ ಹೋಗಬೇಕೆಂದಿದ್ದೇವೆ. ಆ ಊರಿನಲ್ಲಿ ಜೇಬುಗಳ್ಳರ ಕಾಟ ವಿಪರೀತವೆಂದು ಸ್ನೇಹಿತರು ಹೆದರಿಸಿದ್ದಾರೆ. ಅಮ್ಮನಿಗೆ ಮಂಡಿನೋವಿದೆ, ಮೊಟ್ಟೆಯನ್ನೂ ಮುಟ್ಟದ ಶುದ್ಧ ಸಸ್ಯಾಹಾರಿ. ಎಲ್ಲಿ ಉಳಿದುಕೊಳ್ಳಬೇಕು, ಏನು ನೋಡಬೇಕು, ಏನು ತಿನ್ನಬಹುದು ಎಂಬುದನ್ನು ಹೋಗಿ ಬಂದವರು ದಯವಿಟ್ಟು ತಿಳಿಸಿ.

ಮ್ಯೂನಿಕ್‌ನಲ್ಲಿರುವ ಒಬ್ಬರು

ಹೆದರಿಕೆಯ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ. ನಾನು ಮೂರು ಬಾರಿ ಹೋಗಿದ್ದೇನೆ. ಅಲ್ಲಿ ಪ್ರವಾಸಿಗರಿಗೆ ಒದಗುವ ತೊಂದರೆ ಬಹುಮಟ್ಟಿಗೆ ಕೈಚಳಕದ ಕಳ್ಳತನವೇ ಹೊರತು ಹೊಡೆದಾಟವಲ್ಲ. ಎರಡನೆಯ ಸಲ ಹೋದಾಗ ಕಿಕ್ಕಿರಿದ ಲೋಕಲ್ ರೈಲಿನ ಬಾಗಿಲ ಬಳಿ ನಿಂತಿದ್ದೆ. ನಿಲ್ದಾಣ ಬರುತ್ತಲೇ ಮುಂದಿದ್ದವನು ಇಳಿಯುವಂತೆ ಮಾಡಿ ಥಟ್ಟನೆ ನಿಂತ. ಹಿಂದಿದ್ದವನು ನನ್ನ ಮೇಲೆ ಒರಗಿದ. ಬಾಗಿಲು ಮುಚ್ಚುವಷ್ಟರಲ್ಲಿ ಇಬ್ಬರೂ ಇಳಿದು ಹೋಗಿದ್ದರು, ಜೊತೆಗೆ ಪ್ಯಾಂಟಿನ ಜೇಬಿನಲ್ಲಿದ್ದ ನನ್ನ ಫೋನೂ ಹೋಗಿತ್ತು. ಅಂದಿನಿಂದ ರೈಲಿನಲ್ಲಿ ಬಾಗಿಲ ಬಳಿ ನಿಲ್ಲುವುದನ್ನು ಬಿಟ್ಟು ಒಳಗೆ ಸರಿದು ನಿಲ್ಲುತ್ತೇನೆ, ಚೀಲವನ್ನು ಎದೆಯ ಮೇಲೆ ಹಾಕಿಕೊಳ್ಳುತ್ತೇನೆ.

ಬೀದಿಯಲ್ಲಿ ನಡೆಯುವಾಗ ಚೀಲ ಗೋಡೆಯ ಕಡೆಗಿರಲಿ, ಏಕೆಂದರೆ ಸ್ಕೂಟರಿನಲ್ಲಿ ಬಂದು ಕಿತ್ತುಕೊಂಡು ಹೋಗುವವರಿದ್ದಾರೆ. ಅಮ್ಮ ಮಾಂಗಲ್ಯದ ಸರವನ್ನು ಸೆರಗಿನ ಒಳಗೆ ಇಟ್ಟುಕೊಳ್ಳುವುದು ಒಳ್ಳೆಯದು. ಮೂಲ ಪಾಸ್‌ಪೋರ್ಟನ್ನು ಕೋಣೆಯಲ್ಲಿ ಭದ್ರವಾಗಿರಿಸಿ, ಅದರ ಒಂದು ನಕಲನ್ನು ಜೊತೆಗಿಟ್ಟುಕೊಳ್ಳಿ. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸರಲ್ಲಿ ದೂರು ಬರೆಸಿ, ಅದರ ಪ್ರತಿಯೊಂದಿಗೆ ರೋಮ್‌ನಲ್ಲಿರುವ ಭಾರತೀಯ ರಾಯಭಾರ ಕಚೇರಿಗೆ ಹೋಗಬೇಕಾಗುತ್ತದೆ. ತುರ್ತು ಕರೆಗೆ 112. ಟ್ಯಾಕ್ಸಿ ಹತ್ತುವ ಮೊದಲೇ ನಿಗದಿತ ದರ, ಅಂದರೆ ‘ತರೀಫಾ ಪ್ರೆದೆತೆರ್ಮಿನಾತಾ’ ಬೇಕೆಂದು ಹೇಳಬೇಕು. ಗಾಡಿ ಹೊರಟ ಮೇಲೆ ಕೇಳಿದರೆ ಮೀಟರೇ ಗತಿ.

ಇನ್ನು ರಸ್ತೆ ದಾಟುವುದು. ಕೆ.ಆರ್. ಮಾರ್ಕೆಟ್ ಎದುರು ದಾಟಿ ಅಭ್ಯಾಸವಿರುವವರಿಗೆ ನಾನು ಹೇಳಿಕೊಡಬೇಕಾದ್ದು ಏನೂ ಇಲ್ಲ.

ಧಾರವಾಡದ ಒಬ್ಬ ಗೃಹಿಣಿ

ನಾನು ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ. ಕಳ್ಳರಿಗಿಂತ ನಮ್ಮನ್ನು ಹೆಚ್ಚು ಕಾಡಿದ್ದು ಹಂದಿಯ ಕೊಬ್ಬು. ಮಾಂಸ ಕಾಣಿಸದ ತಿಂಡಿಗಳಲ್ಲೂ ಅಲ್ಲಿ ಅದು ಇರುತ್ತದೆ. ಇಟಾಲಿಯನ್ನಿನಲ್ಲಿ ‘ಸ್ತ್ರುತ್ತೊ’ ಎನ್ನುತ್ತಾರೆ. ಆ ಊರಿನವರ ಬಾಯಲ್ಲಿ ‘ಸೂನ್ಯ’ ಎಂಬ ಹೆಸರೂ ಇದೆ. ನಮ್ಮ ಕಿವಿಗೆ ಅದು ‘ಶೂನ್ಯ’ ಎಂದು ಕೇಳಿಸಿ, ಏನೂ ಹಾಕಿಲ್ಲವೆನ್ನುತ್ತಿದ್ದಾರೆಂದು ನಾವು ನೆಮ್ಮದಿಯಾಗಿದ್ದೆವು! ಪದರು ಪದರಾದ ಚಿರೋಟಿಯನ್ನು ನೆನಪಿಸುವ ಸ್ಫೋಲ್ಯಾತೆಲ್ಲ, ಮೆಣಸು ಹಾಕಿದ ಕೋಡುಬಳೆಯಂಥ ತರಾಲ್ಲಿ, ಇವೆರಡರ ಹಿಟ್ಟಿಗೂ ಸಾಂಪ್ರದಾಯಿಕವಾಗಿ ಈ ಕೊಬ್ಬನ್ನೇ ಹಾಕುತ್ತಾರೆ. ಕರಿದ ಪಿಜ್ಜಾದೊಳಗೆ ರಿಕೋತ್ತ ಚೀಸಿನ ಜೊತೆ ಹಂದಿಮಾಂಸದ ಚೂರುಗಳಿರುವುದು ವಾಡಿಕೆ. ಸೊಪ್ಪಿನ ಪಲ್ಯದಂತೆ ಕಾಣುವ ಸ್ಕರೋಲದಲ್ಲಿ ಅನೇಕ ವೇಳೆ ‘ಅಲೀಚಿ’ ಎಂಬ ಸಣ್ಣ ಮೀನು ಕರಗಿರುತ್ತದೆ. ಬಬಾ ಎಂಬ ಸಿಹಿ ರಮ್ಮಿನಲ್ಲಿ ನೆನೆದದ್ದು.

ಹಾಗೆಂದು ಉಪವಾಸ ಬೀಳಬೇಕಾಗಿಲ್ಲ. ಚೀಸ್ ಗಟ್ಟಿಯಾಗಿಸಲು ಕರುವಿನ ಜಠರದಿಂದ ತೆಗೆದ ಹೆಪ್ಪನ್ನು ಬಳಸುವುದರಿಂದ, ಪರ್ಮೆಜಾನೊ ಮತ್ತು ಅಲ್ಲಿಯ ಎಮ್ಮೆ ಹಾಲಿನ ಮೊತ್ಸರೆಲ್ಲ ಎರಡನ್ನೂ ಅಮ್ಮ ಬೇಡವೆನ್ನಬಹುದು. ಅಂಥವರಿಗೆ ಮರಿನಾರ ಪಿಜ್ಜಾ ಇದೆ. ಹೆಸರು ಕಡಲಿನದಾದರೂ ಅದರಲ್ಲಿ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ ಮತ್ತು ಆಲಿವ್ ಎಣ್ಣೆ ಮಾತ್ರ ಇರುತ್ತದೆ. ಸೌದೆ ಒಲೆಯಲ್ಲಿ ಒಂದೂವರೆ ನಿಮಿಷದೊಳಗೆ ಬೇಯುತ್ತದೆ. ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದಿರುತ್ತದೆ, ನಡುವೆ ಮೆತ್ತಗೆ, ಹಸಿಹಸಿಯಾಗಿರುತ್ತದೆ. ಸರಿಯಾಗಿ ಬೆಂದಿಲ್ಲವೆಂದು ನಮ್ಮ ಅತ್ತೆಯವರು ಮೊದಲ ದಿನ ವಾಪಸು ಕಳಿಸಲು ಹೊರಟಿದ್ದರು. ಮೂರನೆಯ ದಿನ ಎರಡು ತರಿಸಿಕೊಂಡರು. ಈ ಪಿಜ್ಜಾ ಮಾಡುವ ಕಲೆಯನ್ನು 2017ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿದೆ.

‘ಸೆಂತ್ಸ ಕಾರ್ನೆ, ಸೆಂತ್ಸ ಪೆಷೆ, ಸೆಂತ್ಸ ಸ್ತ್ರುತ್ತೊ, ಸೆಂತ್ಸ ಉವೊವ’, ಅಂದರೆ ಮಾಂಸ, ಮೀನು, ಕೊಬ್ಬು, ಮೊಟ್ಟೆ ಇಲ್ಲದ್ದು ಎಂದು ಒಂದು ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ. ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗೆ 2-3 ಯೂರೊ ಸೇರಿದ್ದರೆ ಅದು ಮೋಸವಲ್ಲ, ಅಲ್ಲಿಯ ಪದ್ಧತಿ. ಕಾಫಿಯನ್ನು ನಿಂತೇ ಕುಡಿಯಿರಿ. ಕುಳಿತರೆ ಬೆಲೆ ಏರುವ ಅಂಗಡಿಗಳಿವೆ.

ಬೆಂಗಳೂರಿನ ಒಬ್ಬ ನಿವೃತ್ತ ಅಧ್ಯಾಪಕರು

ನೋಡುವ ಜಾಗಗಳ ಪೈಕಿ ಮೊದಲ ಸ್ಥಾನವನ್ನು ನಾನು ರಾಷ್ಟ್ರೀಯ ಪುರಾತತ್ತ್ವ ವಸ್ತುಸಂಗ್ರಹಾಲಯಕ್ಕೆ ಕೊಡುತ್ತೇನೆ; ಮಂಗಳವಾರ ಮುಚ್ಚಿರುತ್ತದೆ. ಸಮೀಪದ ಪ್ರಾಚೀನ ರೋಮನ್ ಊರು ಪೊಂಪೈಯಲ್ಲಿ ಸಿಕ್ಕ ಭಿತ್ತಿಚಿತ್ರಗಳೂ ಮೊಸಾಯಿಕ್‌ಗಳೂ ಇಲ್ಲಿವೆ. ಆದರೆ ನಾನು ಬಹಳ ಹೊತ್ತು ನಿಂತದ್ದು ಸುಮಾರು ಗೇಣುದ್ದದ ಒಂದು ದಂತದ ಬೊಂಬೆಯ ಮುಂದೆ. 1938ರಲ್ಲಿ ಪೊಂಪೈಯ ಮನೆಯೊಂದರಲ್ಲಿ ದೊರೆತ ಈ ಹೆಣ್ಣಿನ ಪ್ರತಿಮೆ ಭಾರತದಿಂದ ಹೋದದ್ದು. ಬೆನ್ನ ಮೇಲೆ ಉದ್ದ ಜಡೆ, ಮೊಣಕಾಲಿನವರೆಗೂ ಕಡಗ, ಇಕ್ಕೆಲದಲ್ಲಿ ಪುಟ್ಟ ಸೇವಕಿಯರು. ‘ಪೊಂಪೈಯ ಲಕ್ಷ್ಮಿ’ ಎಂಬ ಹೆಸರು ನಿಂತುಹೋಗಿದ್ದರೂ ಯಕ್ಷಿಯಿರಬೇಕೆಂದು ಹಲವು ವಿದ್ವಾಂಸರ ಮತ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಆ ಊರನ್ನು ಹೂಳುವ ಮೊದಲೇ ಅದು ಅಲ್ಲಿಗೆ ತಲುಪಿತ್ತೆಂಬುದನ್ನು ನೆನೆದರೆ, ಅಂದಿನ ಕಡಲ ವ್ಯಾಪಾರದ ವಿಸ್ತಾರ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ. ಒಂದು ಎಚ್ಚರಿಕೆ: ಅದನ್ನು ಇರಿಸಿರುವುದು ‘ರಹಸ್ಯ ಕೋಣೆ’ಯಲ್ಲಿ, ಸುತ್ತಲೂ ಇರುವುದು ಪ್ರಾಚೀನ ರೋಮನ್ನರ ಶೃಂಗಾರ ಶಿಲ್ಪಗಳು. ತಾಯಿಯವರ ಜೊತೆ ಹೋಗುವಾಗ ನೇರವಾಗಿ ಲಕ್ಷ್ಮಿಯ ಬಳಿಗೆ ನಡೆಯುವುದು ಕ್ಷೇಮ.

ಹಳೆಯ ಊರಿನೊಳಗೆ ಸಾನ್‌ಸೆವೆರೊ ಪ್ರಾರ್ಥನಾ ಮಂದಿರದಲ್ಲಿ 1753ರ ‘ಮುಸುಕು ಹೊದ್ದ ಕ್ರಿಸ್ತ’ನಿದ್ದಾನೆ. ತೆಳು ಬಟ್ಟೆಯ ಕೆಳಗೆ ಹಣೆಯ ನರವೂ ಕಾಣುವಂತಿದೆ. ಬಟ್ಟೆಯೂ ದೇಹವೂ ಒಂದೇ ಅಮೃತಶಿಲೆಯವು. ಮಂದಿರ ಚಿಕ್ಕದಾದ್ದರಿಂದ ಟಿಕೆಟ್ಟನ್ನು ಮುಂಗಡವಾಗಿ ಕೊಳ್ಳದೆ ಹೋದರೆ ನಿರಾಶೆ ಖಚಿತ.

ಪೊಂಪೈಗೆ ದಿನಕ್ಕೆ 20,000 ಜನರ ಮಿತಿಯಿದೆ, ಟಿಕೆಟ್ಟಿನ ಮೇಲೆ ಹೆಸರಿರುತ್ತದೆ. ಆ ದಿನ ಗುರುತಿನ ಚೀಟಿಯೊಂದನ್ನು ಮರೆಯದೆ ಒಯ್ಯಿರಿ.

ಹುಬ್ಬಳ್ಳಿಯವರೊಬ್ಬರು

ಮಂಡಿನೋವಿರುವವರಿಗೆ ನಾನು ಪೊಂಪೈ ಹೇಳುವುದಿಲ್ಲ. ಅಲ್ಲಿಯ ಬೀದಿಗಳಿಗೆ ಉಬ್ಬುತಗ್ಗಿನ ಕಲ್ಲುಚಪ್ಪಡಿ, ನಡುನಡುವೆ ಗಾಡಿಚಕ್ರ ಸವೆಸಿದ ಗಾಡಿಜಾಡು, ರಸ್ತೆ ದಾಟಲು ಎತ್ತರದ ಕಲ್ಲುಗಳು, ನೆರಳೂ ವಿರಳ. ನೇಪಲ್ಸ್‌ನಿಂದ ಪೊಂಪೈಗೆ ಹೋಗುವ ರೈಲು ಮಾರ್ಗದಲ್ಲೇ ಮೊದಲು ಸಿಗುವ ಎರ್ಕೊಲಾನೊದಲ್ಲಿ ಇಳಿದು, ವೆಸೂವಿಯಸ್ ಹೂತ ಇನ್ನೊಂದು ಊರಾದ ಹರ್ಕ್ಯುಲೇನಿಯಂ ನೋಡಿ. ಊರು ಚಿಕ್ಕದು, ಜನ ಕಡಿಮೆ, ಸುಟ್ಟು ಇದ್ದಿಲಾದ ಮರದ ತೊಲೆ, ಮಂಚಗಳು ಕೂಡ ಉಳಿದಿವೆ. ನಿಲ್ದಾಣದಿಂದ ಹೋಗುವಾಗ ಇಳಿಜಾರು, ಬರುವಾಗ ಏರು. ವಾಪಸು ಬರಲು ಟ್ಯಾಕ್ಸಿಯನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ಮತ್ತೆ ಮೈಸೂರಿನಿಂದ

ಎಲ್ಲರಿಗೂ ವಂದನೆಗಳು. ಹರ್ಕ್ಯುಲೇನಿಯಂ ಎಂದು ತೀರ್ಮಾನಿಸಿದ್ದೇವೆ. ಉಳಿದುಕೊಳ್ಳುವ ಮಾತೊಂದು ಬಾಕಿ ಇದೆ. ರೈಲು ನಿಲ್ದಾಣದ ಎದುರು ಅಗ್ಗದ ಕೋಣೆ ಸಿಗುತ್ತಿದೆ, ತೆಗೆದುಕೊಳ್ಳಬಹುದೆ?

ಮ್ಯೂನಿಕ್‌ನಲ್ಲಿರುವವರು

ಬೆಳಗಿನ ರೈಲಿಗೆ ಅನುಕೂಲ, ಆದರೆ ರಾತ್ರಿ ಆ ಚೌಕದಲ್ಲಿ ಗದ್ದಲವಿರುತ್ತದೆ. ಅಮ್ಮನ ಜೊತೆಗಾದರೆ ಗುಡ್ಡದ ಮೇಲಿನ ವೊಮೆರೊ ಬಡಾವಣೆಯನ್ನೇ ಆರಿಸುತ್ತಿದ್ದೆ. ತೊಲೇದೊ ಬೀದಿಯ ಬಳಿಯಿಂದ ಹಳಿಯ ಮೇಲೆ ಗುಡ್ಡ ಹತ್ತುವ ಫ್ಯೂನಿಕುಲಾರ್ ಗಾಡಿ ನೇರ ಅಲ್ಲಿಗೇ ಒಯ್ಯುತ್ತದೆ. ಸಂಜೆ ಸಂತ ಎಲ್ಮೊ ಕೋಟೆಯ ಮೇಲಿಂದ ಕೊಲ್ಲಿ, ಊರು, ವೆಸೂವಿಯಸ್ ಮೂರೂ ಒಟ್ಟಿಗೆ ಕಾಣುತ್ತವೆ. ಕೋಣೆ ಕಾದಿರಿಸುವ ಮೊದಲು ಲಿಫ್ಟ್ ಇದೆಯೇ ಎಂದು ಕೇಳಿ, ಇದ್ದರೆ ಅದಕ್ಕೆ ನಾಣ್ಯ ಹಾಕಬೇಕೇ ಎಂಬುದನ್ನೂ ಕೇಳಿ. ಹಳೆಯ ಕಟ್ಟಡಗಳಲ್ಲಿ ಕೆಲವು ಲಿಫ್ಟುಗಳು ನಾಣ್ಯ ನುಂಗದೆ ಅಲುಗುವುದಿಲ್ಲ. 10 ಸೆಂಟಿನ ನಾಣ್ಯ ಇಲ್ಲದ ಕಾರಣ ಎರಡು ಸೂಟ್‌ಕೇಸುಗಳನ್ನು ನಾಲ್ಕನೆಯ ಮಹಡಿಗೆ ಹೊತ್ತವನು ನಾನು.